ಮೇಲಿನ ರಸ್ತೆ ಯಾವುದು?

ಹೆದ್ದಾರಿಗಳೆರಡು ಸಂಧಿಸುವೆಡೆಯಲ್ಲಿ ಒಂದರ ಮೇಲೊಂದು ಹಾಯ್ದು, ಬಳಸಿ, ಕವಲೊಡೆದು, ಮತ್ತೆ ಕೂಡಿಕೊಳ್ಳುವ ರಸ್ತೆಗಳ ಜಟಿಲ ವಿನ್ಯಾಸವನ್ನು ಆಕಾಶದಿಂದ ತೆಗೆದ ಚಿತ್ರದ ಮೇಲೆ ಗೆರೆಯೆಳೆದು ನಕ್ಷೆಗಿಳಿಸುವ ಕಾರ್ಯವು, ವೇತನಾಪೇಕ್ಷೆಯಿಲ್ಲದ ಸ್ವಯಂಸೇವಕರ ಕೈಯಲ್ಲಿ ಸೂಕ್ಷ್ಮವಾದೊಂದು ಕಲೆಯಾಗಿಯೇ ಬೆಳೆದಿದೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯೇ ಇದರ ನೆಲೆ. 2010ರಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಚಿತ್ರಗಳನ್ನು ಈ ಕಾರ್ಯಕ್ಕೆ ಬಳಸಲು ಸಮ್ಮತಿಸಿದ ಮೇಲೆ ಈ ಕಲೆ ಬಹುಜನರ ಕೈಗೆಟುಕಿತು.

ಇಲ್ಲಿ ಮೊದಲು ಕೇಳತಕ್ಕ ಪ್ರಶ್ನೆ, ಯಾವ ರಸ್ತೆ ಮೇಲಿನದು ಎಂಬುದೇ. ಬಿಸಿಲಿನ ಚಿತ್ರವಾದರೆ ಸೇತುವೆಯ ನೆರಳು ಕೆಳಗಣ ರಸ್ತೆಯ ಮೇಲೆ ಚಾಚಿ ಉತ್ತರವನ್ನು ತಾನೇ ಹೇಳಿಬಿಡುತ್ತದೆ. ಮೇಲಿನದನ್ನು ಸೇತುವೆಯೆಂದು ಗುರುತಿಸಿ, ಅದಕ್ಕೊಂದು ಸ್ತರಸಂಖ್ಯೆಯನ್ನಿತ್ತು, ಗೆರೆಗಳೆರಡು ಹಾಯುವಲ್ಲಿ ಒಂದೇ ಬಿಂದುವನ್ನು ಹಂಚಿಕೊಳ್ಳದಂತೆ ನೋಡಿಕೊಳ್ಳಬೇಕು. ಅಲ್ಲೊಂದು ಬಿಂದು ಅನವಧಾನದಿಂದ ಬೆಸೆದುಹೋಯಿತೆಂದರೆ, ದಾರಿ ತೋರುವ ಯಂತ್ರವು ಅದನ್ನು ಕೂಡುರಸ್ತೆಯೆಂದೇ ಭಾವಿಸಿ, ಸೇತುವೆಯ ಮೇಲಿರುವ ವಾಹನಕ್ಕೆ ಕೆಳಗಿನ ರಸ್ತೆಗೆ ತಿರುಗೆಂದು ನಿಶ್ಶಂಕೆಯಿಂದ ಆಜ್ಞಾಪಿಸುತ್ತದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಎತ್ತರದ ಸೇತುವೆಯು ನಿಜಸ್ಥಾನದಿಂದ ಸರಿದು ಕಾಣುವುದೂ ಉಂಟು. ಆದುದರಿಂದ ಬಲ್ಲವರು ಕಂಡುದನ್ನೇ ನಂಬದೆ, ಪಯಣಿಗರು ದಾಖಲಿಸಿಕೊಟ್ಟ ಜಿಪಿಎಸ್ ಜಾಡುಗಳೊಡನೆ ಹೋಲಿಸಿಯೇ ಗೆರೆಯನ್ನು ನಿಲ್ಲಿಸುತ್ತಾರೆ. ಇನ್ನು, ಮುಖ್ಯರಸ್ತೆಯಿಂದ ಒಡೆಯುವ ಕವಲು ಎಲ್ಲಿಂದ ಆರಂಭವೆಂಬುದರಲ್ಲಿ ಅಭಿಪ್ರಾಯಭೇದವಿದೆ. ದಾಟಬಾರದ ಬಿಳಿಯ ಪಟ್ಟಿ ಮೊದಲಾಗುವಲ್ಲಿಯೇ ಅದನ್ನು ಬೇರ್ಪಡಿಸಬೇಕೆಂಬುದು ನನ್ನ ಮತ. ಚಾಲಕನ ಆಯ್ಕೆ ಮುಗಿಯುವುದು ಅಲ್ಲಿಯೇ.

ಹೊಸ ರಸ್ತೆಯಾದರೆ ಕಷ್ಟ ಇಮ್ಮಡಿಸುತ್ತದೆ. ಸ್ಪಷ್ಟವಾದ ಚಿತ್ರಗಳು ಅನೇಕ ವೇಳೆ ಹಳೆಯವಾಗಿ, ಸೇತುವೆಯಿರಬೇಕಾದೆಡೆ ಇನ್ನೂ ಕಬ್ಬಿನ ಗದ್ದೆಯೇ ಕಾಣುತ್ತಿರುತ್ತದೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ಅದೇ ನೆಲವನ್ನು ನೋಡುತ್ತವೆಯಾದರೂ, ಆ ಚಿತ್ರದ ಒಂದೊಂದು ಚುಕ್ಕೆಯೂ 10 ಮೀಟರ್ ನೆಲ. ಅಗೆದ ಮಣ್ಣಿನ ವಕ್ರರೇಖೆ ಕಾಣುತ್ತದೆ, ಪಥಗಳು ಕಾಣವು. ಅಂಥದನ್ನು ನಿರ್ಮಾಣದಲ್ಲಿರುವ ರಸ್ತೆಯೆಂದಷ್ಟೇ ಬರೆದು ಕಾಯುವ ಸಂಯಮವನ್ನು ನಾನು ಈ ಕಲೆಯ ಪರಮಗುಣವೆಂದು ಎಣಿಸುತ್ತೇನೆ.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ, 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. ಆರು ಪಥಗಳ ಮುಖ್ಯರಸ್ತೆ, ಇಕ್ಕೆಲದ ಸರ್ವಿಸ್ ರಸ್ತೆ, ಬಿಡದಿ, ಮದ್ದೂರು, ಮಂಡ್ಯಗಳ ಬೈಪಾಸುಗಳು, ಇವೆಲ್ಲ ಚಿತ್ರಕ್ಕೆ ದಕ್ಕುವಂಥವು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯರಸ್ತೆ ನಿಷಿದ್ಧವಾದುದನ್ನು ಯಾವ ಉಪಗ್ರಹವೂ ಕಾಣಲಾರದು; ಆ ಸಂಗತಿ ನಕ್ಷೆಯಲ್ಲಿಲ್ಲದಿದ್ದರೆ ಬೈಕಿನವನನ್ನು ನಕ್ಷೆಯೇ ತಪ್ಪುದಾರಿಗೆಳೆದಂತಾಗುತ್ತದೆ. ಆ ದಾರಿಯ ಊರುಗಳಲ್ಲಿ ವಾಸಿಸುವ ವಾಚಕರು, ಯಾವ ನಿರ್ಗಮನ ತೆರೆದಿದೆ, ಯಾವುದು ಏಕಮುಖ ಎಂಬುದನ್ನು ಕಣ್ಣಾರೆ ಕಂಡು ನಕ್ಷೆಗೆ ಬರೆಯಲಿ. ಫಲಕದಲ್ಲಿರುವ ಊರ ಹೆಸರನ್ನು ಕನ್ನಡದಲ್ಲಿಯೂ ಸೇರಿಸಲಿ.