ಗೂಡು ರೈತನದು, ಮಾರುಕಟ್ಟೆ ಸರ್ಕಾರದ್ದು

ಮಾವಿನ ತೋಪು ಇರುವ ರೈತ ಕಾಯಿ ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಡಬಹುದು. ರಾಗಿ ಬೆಳೆದವನು ಪಕ್ಕದೂರಿನ ಮಿಲ್ಲಿನವನಿಗೆ ಮಾರಬಹುದು, ಬೆಲೆ ಒಪ್ಪದಿದ್ದರೆ ಮನೆಯಲ್ಲೇ ತುಂಬಿಟ್ಟು ವರ್ಷವಿಡೀ ಮುದ್ದೆ ಉಣ್ಣಬಹುದು. ಕನಕಪುರ ತಾಲ್ಲೂಕಿನ ಅದೇ ರೈತನ ಹುಳದ ಮನೆಯಲ್ಲಿ, ಚಂದ್ರಿಕೆ ಎಂಬ ತಟ್ಟೆಯ ಮೇಲೆ ಹುಳ ಕಟ್ಟಿರುವ ರೇಷ್ಮೆಗೂಡಿಗೆ ಮಾತ್ರ ಆ ಸಲೀಸು ಇಲ್ಲ. ಬಿತ್ತನೆ ಮತ್ತು ಗೂಡಿನ ಉತ್ಪಾದನೆ, ಸಾಗಣೆ, ಮಾರಾಟವನ್ನೆಲ್ಲ ನಿಯಂತ್ರಿಸಲು 1959ರಲ್ಲಿ ಮೈಸೂರು ರಾಜ್ಯ ಕಾಯ್ದೆಯೊಂದನ್ನು ಮಾಡಿತು. ಮುಂದೆ ನೂಲನ್ನೂ ಅದರೊಳಗೆ ಸೇರಿಸಲಾಯಿತು. ಗೂಡು ಸರ್ಕಾರಿ ಮಾರುಕಟ್ಟೆಗೇ ಬರಬೇಕು, ಹರಾಜಿನಲ್ಲೇ ಬಿಕರಿಯಾಗಬೇಕು, ಗೂಡಿನಿಂದ ನೂಲು ತೆಗೆಯುವ, ಪರವಾನಗಿ ಇರುವ ರೀಲರೇ ಕೊಳ್ಳಬೇಕು ಎಂಬುದು ಆ ಕಾಯ್ದೆಯ ಹುರುಳು.

2020ರ ಮೇ ತಿಂಗಳಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆಯ ತಿದ್ದುಪಡಿ ತಂದಾಗ, ಬೆಳೆದವನಿಗೆ ಎಲ್ಲಿ ಬೇಕಾದರೂ ಮಾರುವ ಹಕ್ಕು ಸಿಕ್ಕಿತು ಎಂದು ಸರ್ಕಾರ ಹೇಳಿಕೊಂಡಿತು. ಗೂಡಿನ ಕಾಯ್ದೆಯೇ ಬೇರೆ, ಆ ಮಾತು ಅದಕ್ಕೆ ತಾಗಲಿಲ್ಲ. ಒಂದೇ ಹೊಲದ ಎರಡು ಬೆಳೆಗೆ ಎರಡು ನ್ಯಾಯ ಯಾಕೆ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಸಂವಿಧಾನದ 19(1)(ಜಿ) ವಿಧಿ ವೃತ್ತಿ, ವ್ಯಾಪಾರದ ಸ್ವಾತಂತ್ರ್ಯ ಕೊಡುತ್ತದೆ. 19(6) ಸಾರ್ವಜನಿಕರ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧಕ್ಕೆ ಅವಕಾಶ ಕೊಡುತ್ತದೆ. ಈ ಕಾಯ್ದೆಯಲ್ಲಿ ಸಮಂಜಸವಾದದ್ದು ಎಷ್ಟು, ಬರೀ ಅಧಿಕಾರವೆಷ್ಟು ಎಂದು ನೋಡಬೇಕಾದರೆ ಮೊದಲು ಗೂಡಿನ ಸ್ವಭಾವವನ್ನೇ ನೋಡಬೇಕು.

ಗೂಡು ಕಾಯುವ ಸರಕಲ್ಲ. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಅಲ್ಲಿಂದ ಇನ್ನು ಕೆಲವೇ ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಹಸಿ ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಕೋಶದ್ದೇ, ದಿನ ಕಳೆದಂತೆ ತೂಕವೂ ಇಳಿಯುತ್ತದೆ. ಇದು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೂ ಗೊತ್ತು. ಇವತ್ತು ಬೇಡ ಎಂದರೆ ನಾಳೆ ಇನ್ನೂ ಕಡಿಮೆಗೆ ಕೇಳಬಹುದು ಎನ್ನುವುದೂ ಗೊತ್ತು. ತಕ್ಕಡಿ ಅವನದು, ದುಡ್ಡೂ ಅವನದು, ಎಷ್ಟೋ ಸಲ ಹಿಂದಿನ ಬೆಳೆಗೆ ಕೊಟ್ಟ ಮುಂಗಡ ಸಾಲವೂ ಅವನದೇ. ಇಂಥ ಕಡೆ ರೈತನಿಗಿರುವ ಆಯ್ಕೆಯ ಸ್ವಾತಂತ್ರ್ಯ ಎಂದರೆ ಒಬ್ಬನೇ ಗಿರಾಕಿಗೆ ಹೂಂ ಅನ್ನುವ ಸ್ವಾತಂತ್ರ್ಯ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈ ಲೆಕ್ಕಾಚಾರ ತಿರುವುಮುರುವಾಗುತ್ತದೆ. ಬೇರೆ ಜಿಲ್ಲೆಗಳಿಂದಲೂ ತಮಿಳುನಾಡು, ಆಂಧ್ರದಿಂದಲೂ ಗೂಡು ಬರುತ್ತದೆ. ರೈತ ತನ್ನ ಗೂಡನ್ನು ಸುರಿದು ಹರವಿ ಲಾಟ್ ನಂಬರ್ ಪಡೆದು ಪಕ್ಕದಲ್ಲೇ ನಿಲ್ಲುತ್ತಾನೆ. ರೀಲರ್ ಬಂದು ಒಂದು ಹಿಡಿ ಎತ್ತುತ್ತಾನೆ. ಹೆಬ್ಬೆರಳಿನಲ್ಲಿ ಅದುಮಿ ಬಿಗಿ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಕೋಶ ಲೊಟಲೊಟ ಎಂದರೆ ಗೂಡು ಸರಿಯಾಗಿ ಬಲಿತಿದೆ ಎಂದು. ಸದ್ದು ಬರದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿರಬಹುದು. ಕಲೆ ಬಿದ್ದದ್ದೆಷ್ಟು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡೆಷ್ಟು ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡುತ್ತಾನೆ. ಒಂದು ಕಿಲೋ ನೂಲಿಗೆ ಈ ಗೂಡು ಆರು ಕಿಲೋ ಬೇಕೋ ಎಂಟು ಬೇಕೋ ಎಂಬ ರೆಂಡಿಟ್ಟಾ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ನಿರಾಕರಿಸಿ ಇನ್ನೊಂದು ಸುತ್ತಿಗೆ ಕಾಯಬಹುದು. ತೂಕ ವಿದ್ಯುನ್ಮಾನ ತಕ್ಕಡಿಯಲ್ಲಿ, ಹಣ ಬ್ಯಾಂಕ್ ಖಾತೆಗೆ.

ಮಾರುಕಟ್ಟೆಗೆ ಬಾ ಎಂದು ಕಟ್ಟಿಹಾಕಿದ ಕಾನೂನೇ ಅಲ್ಲಿ ಬೇಡ ಎನ್ನುವ ಹಕ್ಕನ್ನು ಕೊಟ್ಟಿದೆ. ಮನೆ ಬಾಗಿಲಿನಲ್ಲಿ ಇಲ್ಲದ ಹಕ್ಕು ಇದು. ಸಣ್ಣ ರೀಲರಿಗೂ ಇದರಿಂದ ನೆಲೆ ಸಿಕ್ಕಿದೆ. ಚನ್ನಪಟ್ಟಣದಲ್ಲಿ ಗೂಡು ಬೇಯಿಸುವ ನಾಲ್ಕು ಬೇಸಿನ್ ಇಟ್ಟುಕೊಂಡವನು ಸ್ವಯಂಚಾಲಿತ ಯಂತ್ರದ ಮಾಲೀಕನ ಪಕ್ಕದಲ್ಲೇ ನಿಂತು ಒಂದು ಲಾಟ್‌ಗೆ ಬೆಲೆ ಹೇಳಬಹುದು. ಹರಾಜಿಲ್ಲದೆ ಹಳ್ಳಿ ಹಳ್ಳಿಗೂ ಗುತ್ತಿಗೆ ನಡೆದಿದ್ದರೆ ಅವನು ಎಂದೋ ಅಂಗಡಿ ಮುಚ್ಚುತ್ತಿದ್ದ. ಕಾಯ್ದೆಯ ಈ ಭಾಗದ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಕಡ್ಡಾಯ ಎಷ್ಟು ದೂರ ಹೋಗಿ ಎಲ್ಲಿ ನಿಂತಿತು ಎಂಬ ಬಗ್ಗೆ. ರೈತ ಬರಲೇಬೇಕು ಎಂದು ಕಾನೂನು ಹೇಳಬಲ್ಲದು, ರೀಲರುಗಳು ಒಬ್ಬರ ಮೇಲೊಬ್ಬರು ಬಿದ್ದು ಪೈಪೋಟಿ ಮಾಡಲೇಬೇಕು ಎಂದು ಹೇಳಲಾರದು. ಅವರು ಒಳಗೊಳಗೇ ಮಾತಾಡಿಕೊಂಡರೆ ಮೊಬೈಲ್ ಹರಾಜೂ ನಾಟಕವೇ. ಬೆಲೆ ಬಿದ್ದ ದಿನ ಹೊಣೆ ಯಾರದು ಎಂಬ ಪ್ರಶ್ನೆಯೂ ಇದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಸಿತು. ಚೀನಾದ ನೂಲು ಕೊಳ್ಳುವವನಿಗೆ ಆಯ್ಕೆ ಹಿಗ್ಗಿತು, ಗೂಡಿನ ಬೆಲೆ ಕುಸಿಯಿತು, ರಾಮನಗರದ ರೈತ ಮಾತ್ರ ಅದೇ ಕಟ್ಟೆಗೆ ಬಂದು ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತುಹಾಕಿದವರು ಕಿತ್ತುಹಾಕಿ ಆಗಿತ್ತು. ಎಲ್ಲಿ ಮಾರಬೇಕೆಂದು ಸರ್ಕಾರ ಹೇಳಿದ ಮೇಲೆ, ಎಷ್ಟಕ್ಕಿಂತ ಕಡಿಮೆಗೆ ಮಾರಬೇಕಿಲ್ಲ ಎಂಬುದನ್ನೂ ಅದೇ ಹೇಳಬೇಕಿತ್ತು.

ನೂಲಿನ ಕತೆ ಇನ್ನೂ ವಿಚಿತ್ರ. ಗೂಡಿನ ಹಾಗೆಯೇ ನೂಲೂ ಸರ್ಕಾರದ ರೇಷ್ಮೆ ವಿನಿಮಯ ಕೇಂದ್ರದ ಮೂಲಕ ಹೋಗಬೇಕು ಎಂದಾಯಿತು. ಗೂಡು ಬಂತು, ನೂಲು ನುಣುಚಿಕೊಂಡಿತು. ಅದರ ಬಹುಪಾಲು ವ್ಯಾಪಾರ ಹೊರಗೇ ನಡೆಯಿತು. ನೂಲು ಕೆಡುವುದಿಲ್ಲ, ಅದನ್ನು ಬಚ್ಚಿಡಬಹುದು, ಒಂದು ಚೀಲದಲ್ಲಿ ಸಾಗಿಸಬಹುದು. ಅದಕ್ಕಿಂತ ಮುಖ್ಯವಾಗಿ, ನಾಳೆ ಗೂಡು ಕೊಳ್ಳಲು ರೀಲರಿಗೆ ಇವತ್ತೇ ನಗದು ಬೇಕು, ಆ ನಗದನ್ನು ಕೊಡುವವನು ಬೆಂಗಳೂರಿನ ನೂಲಿನ ವ್ಯಾಪಾರಿ. ಅವನಲ್ಲಿ ಸಾಲ ಮಾಡಿದ ರೀಲರನ್ನು ಯಾವ ಕಾಯ್ದೆಯ ಯಾವ ಸೆಕ್ಷನ್ನೂ ಬಿಡಿಸಿಕೊಂಡು ಬರಲಿಲ್ಲ. ರೀಲರ್ ಕಾನೂನು ಮುರಿದ ಎಂದು ಬೈಯುವುದು ಸುಲಭ. ಸಾಲದ ಬದಲಿ ದಾರಿ ತೋರಿಸದೆ ಮಾರಾಟದ ದಾರಿಯನ್ನಷ್ಟೇ ಬದಲಿಸಲು ಹೊರಟದ್ದು ಇಲಾಖೆಯ ತಪ್ಪು ಎಂದೇ ನನ್ನ ಎಣಿಕೆ.

ಇನ್ನು ಮಾಗಡಿ. ಎಲ್ಲಿ ಮಾರಬೇಕು ಎಂಬುದರ ಜತೆಗೆ ಯಾವ ಹುಳ ಮೇಯಿಸಬೇಕು ಎಂಬುದನ್ನೂ ಕಾನೂನು ಹೇಳುವ ಸೀಮೆ ಅದು. ಮಾಗಡಿ, ಕುಣಿಗಲ್ ಭಾಗ ಮೈಸೂರು ತಳಿಯ ಬಿತ್ತನೆ ಪ್ರದೇಶ. ರಾಜ್ಯದ ಉಳಿದ ಕಡೆ ರೈತರು ಸಾಕುವ ಮಿಶ್ರತಳಿಗೆ ತಾಯಿ ಮೈಸೂರು ತಳಿ, ತಂದೆ ಬಿಳಿ ಗೂಡಿನ ದ್ವಿತಳಿ. ತಾಯಿಯ ಕಡೆ ಕಲಬೆರಕೆಯಾದರೆ ಎಲ್ಲರ ಬೆಳೆಯೂ ಕೆಡುತ್ತದೆ. ಅದಕ್ಕಿಂತ ದೊಡ್ಡ ಭಯ ಗಂಟುರೋಗದ್ದು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಮಲಗಿಸಿದ್ದು ಇದೇ ರೋಗ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನು ಸುಡುವ ಕ್ರಮವನ್ನು ಲೂಯಿ ಪಾಶ್ಚರ್ ಆಗ ರೂಪಿಸಿದ. ಇವತ್ತಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ. ಆದ್ದರಿಂದ ಮೊಟ್ಟೆಯ ವಿಷಯದಲ್ಲಿ ನನ್ನಿಷ್ಟ ಎನ್ನುವ ಮಾತು ನಿಲ್ಲುವುದಿಲ್ಲ. ಒಬ್ಬನ ಅಜಾಗ್ರತೆ ಊರಿಗೆಲ್ಲ ತಗಲುತ್ತದೆ.

ಇಷ್ಟು ಒಪ್ಪಿದ ಮೇಲೂ ಮಾಗಡಿಯ ರೈತನ ಕಡೆಯಿಂದ ನೋಡಿ. ಮೈಸೂರು ತಳಿಯ ಗೂಡು ಚಿಕ್ಕದು, ತುದಿ ಚೂಪು, ಹಸಿರು ಬೆರೆತ ಹಳದಿ ಬಣ್ಣದ್ದು. ಹುಳ ಹೆಚ್ಚು ದಿನ ಮೇಯುತ್ತದೆ, ಕೊಡುವ ಎಳೆ ಕಡಿಮೆ. ಪಕ್ಕದ ತಾಲ್ಲೂಕಿನವನು ಬಿಳಿ ದ್ವಿತಳಿ ಗೂಡು ಕಟ್ಟಿಸಿ ಹರಾಜಿನಲ್ಲಿ ಒಳ್ಳೆ ಬೆಲೆ ಎಣಿಸುವಾಗ, ಇವನು ನಾಡಿನ ಮಿಶ್ರತಳಿಗಾಗಿ ತಾಯಿಯನ್ನು ಸಾಕಿಕೊಡಬೇಕು. ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ ನಿಜ. ಆದರೆ ನಷ್ಟವನ್ನು ತುಂಬಿಕೊಡುವುದು ಬಾಕಿ ತೀರಿಸಿದಂತೆ, ಪ್ರೋತ್ಸಾಹ ಎಂಬ ಹೆಸರಿನಲ್ಲಿ ಕೊಟ್ಟದ್ದನ್ನು ಮುಂದಿನ ಬಜೆಟ್‌ನಲ್ಲಿ ಕಡಿತ ಮಾಡಲೂಬಹುದು. ನಾಡಿನ ಬೆಳೆಗಾಗಿ ಒಂದು ಸೀಮೆಯ ಕೈ ಕಟ್ಟಿದ ಮೇಲೆ, ಆ ಸೀಮೆಯ ಗೂಡಿನ ಬೆಲೆಯನ್ನು ರಾಮನಗರದ ದ್ವಿತಳಿ ಹರಾಜಿನ ಸರಾಸರಿಗೆ ಗಂಟುಹಾಕಬೇಕು. ಅದು ಏರಿದರೆ ಇದೂ ಏರಲಿ. ಹಾಗಾಗದೆ ಹೋದರೆ ಮಾಗಡಿಯವನು ಕಾನೂನಿನ ಜತೆ ಜಗಳವಾಡುವುದಿಲ್ಲ, ಸುಮ್ಮನೆ ಹುಳ ಸಾಕುವುದನ್ನೇ ಬಿಡುತ್ತಾನೆ. ಬೆಂಗಳೂರು ಅಷ್ಟು ಹತ್ತಿರವಿರುವಾಗ ಬಿಡುವುದು ಕಷ್ಟವೂ ಅಲ್ಲ.

ನಿಯಮ ಬಗ್ಗುವುದಿಲ್ಲ ಎನ್ನುವವರು ರಾಮನಗರದಿಂದ ಇಪ್ಪತ್ತು ನಿಮಿಷದ ದಾರಿಯ ಚನ್ನಪಟ್ಟಣವನ್ನು ನೋಡಬಹುದು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಕುಶಲಕರ್ಮಿ ಪ್ರಯೋಗಾಲಯದ ಖರ್ಚು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಎದ್ದಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ಬಂತು. ಮಕ್ಕಳ ಬಾಯಿಗೆ ಸೀಸದ ಬಣ್ಣ ಹೋಗಬಾರದು ಎಂಬ ಉದ್ದೇಶಕ್ಕೂ ಅದರಿಂದ ಕುಂದಾಗಲಿಲ್ಲ.

ಗೂಡಿನ ಕಾಯ್ದೆಯ ಕಣ್ಣಿಗೆ ಬೀಳದವರೂ ಇದ್ದಾರೆ. ಕುದಿನೀರಿನ ಬೇಸಿನ್ ಮುಂದೆ ಕೂತು ಬೆಂದ ಗೂಡಿನ ಎಳೆಯ ತುದಿ ಹುಡುಕುವ ಕೂಲಿಯವರು, ಹೆಚ್ಚಾಗಿ ಹೆಂಗಸರು. ಬೆರಳ ತುದಿಯ ಚರ್ಮ ಸದಾ ಬೆಂದು ಬಿಳಿಚಿಕೊಂಡಿರುತ್ತದೆ. ಬೆಳೆಯುವವನಿಗೆ, ಕೊಳ್ಳುವವನಿಗೆ, ಸಾಗಿಸುವವನಿಗೆ ನಿಯಮ ಬರೆದ ಕಾಯ್ದೆಗೆ ಇವರು ನೆನಪಾಗಲೇ ಇಲ್ಲ. ಸ್ವಾತಂತ್ರ್ಯದ ಪರ ವಾದಿಸುವವರಿಗೂ ಅಷ್ಟೇ.

ಹಾಗಾದರೆ ಗೂಡಿನ ಕಡ್ಡಾಯ ಹರಾಜನ್ನು ತೆಗೆದುಹಾಕಬೇಕೇ? ಈಗ ಬೇಡ. ಆ ಕಡ್ಡಾಯದ ಬುಡದಲ್ಲಿರುವುದು ಹಸಿ ಗೂಡು ಕಾಯದು ಎಂಬ ಒಂದೇ ಸಂಗತಿ. ಅದನ್ನು ಬದಲಾಯಿಸಲು ಬರುತ್ತದೆ. ಬಿಸಿಗಾಳಿ ಯಂತ್ರದಲ್ಲಿ ಕೋಶವನ್ನು ಕೊಂದು ಒಣಗಿಸಿದ ಗೂಡು ತಿಂಗಳುಗಟ್ಟಲೆ ಇರುತ್ತದೆ. ಆ ಯಂತ್ರ ಇರುವುದು ದೊಡ್ಡ ರೀಲರುಗಳ ಹತ್ತಿರ. ಕನಕಪುರ, ಮಾಗಡಿ, ಚನ್ನಪಟ್ಟಣದ ರೈತ ಸಂಘಗಳ ಕೈಗೆ ಅದು ಬಂದು, ಒಣಗಿಸಿಟ್ಟ ಗೂಡಿನ ಮೇಲೆ ಸಹಕಾರಿ ಬ್ಯಾಂಕು ಅಡಮಾನ ಸಾಲ ಕೊಡುವಂತಾದ ಮೇಲೆ, ರೈತ ಎಲ್ಲಿ ಮಾರಬೇಕು ಎಂದು 1959ರ ಕಾಯ್ದೆ ಹೇಳುವುದನ್ನು ನಿಲ್ಲಿಸಬಹುದು. ಮೊಟ್ಟೆಯ ಪರೀಕ್ಷೆಯನ್ನು ಮಾತ್ರ ನಿಲ್ಲಿಸುವಂತಿಲ್ಲ.