ಬಿಫೋರ್–ಆಫ್ಟರ್ ಎಂಬ ಸುಲಭದ ಗೆಲುವು

ಹೊಸ ಮಿಕ್ಸಿಂಗ್ ಎಂಜಿನಿಯರ್‌ಗಳ ಪೋರ್ಟ್‌ಫೋಲಿಯೊದಲ್ಲಿ ಈಗ ಎಲ್ಲರ ಮೆಚ್ಚುಗೆ ಗಳಿಸುತ್ತಿರುವುದು ‘ಬಿಫೋರ್–ಆಫ್ಟರ್’ ತುಣುಕು. ಕೆಲವು ಸೆಕೆಂಡು ಕಚ್ಚಾ ಟ್ರ್ಯಾಕ್, ಕೆಲವು ಸೆಕೆಂಡು ಮಿಕ್ಸ್. ಕಲಿಸುವವರೂ ಮೊದಲು ಇದನ್ನೇ ಮಾಡಿಸುತ್ತಾರೆ. ಅದಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು.

ಅಂಥ ಒಂದು ತುಣುಕನ್ನು ಗಮನವಿಟ್ಟು ಕೇಳಿ. ಮೊದಲ ಭಾಗದಲ್ಲಿ ಫೇಡರ್‌ಗಳೆಲ್ಲ ಒಂದೇ ಮಟ್ಟದಲ್ಲಿ ನಿಂತಿರುತ್ತವೆ. ಹಾಡುವ ದನಿ ಗಿಟಾರಿನ ಹಿಂದೆ ಮುಚ್ಚಿಹೋಗಿರುತ್ತದೆ. ಎರಡನೆಯ ಭಾಗ ಶುರುವಾಗುತ್ತಲೇ ಮಾಸ್ಟರ್ ಮೇಲಿನ ಲಿಮಿಟರ್ ಇಡೀ ಹಾಡನ್ನು ಹಲವು ಡೆಸಿಬಲ್ ಮೇಲೆತ್ತುತ್ತದೆ. ಸದ್ದು ಹೆಚ್ಚಿದಷ್ಟೂ ಮಂದ್ರದ ನಾದ ಕಿವಿಗೆ ತುಂಬಿ ಕೇಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಿರುವಾಗ ನಾವು ತಲೆದೂಗಿದ್ದು ಕೈಚಳಕಕ್ಕೋ ಬರೀ ಸದ್ದಿಗೋ? ಎರಡೂ ಭಾಗಗಳನ್ನು ಒಂದೇ ಲಫ್ಸ್ (ಕಿವಿಗೆ ಕೇಳಿಸುವ ಸದ್ದಿನ ಅಳತೆ) ಮಟ್ಟಕ್ಕೆ ತಂದು ಕೇಳಿದರೆ ಎಷ್ಟೋ ತುಣುಕುಗಳ ಬಣ್ಣ ಬಯಲಾಗುತ್ತದೆ. ಡ್ರಮ್ಸ್‌ನ ಪೆಟ್ಟು ಚಪ್ಪಟೆಯಾಗಿರುತ್ತದೆ. ‘ಸ’ಕಾರದ ಸದ್ದು ತಗ್ಗಿಸುವ ಡಿ-ಎಸ್ಸರ್ ಅತಿಯಾದ್ದರಿಂದ ‘ಸಂಜೆ’ ಎಂದು ಹಾಡಿದ್ದು ‘ಥಂಜೆ’ ಎಂದು ಕೇಳುತ್ತದೆ. ಸ್ಪಾಟಿಫೈ ಹೇಗೂ ಹಾಡುಗಳನ್ನು ಸುಮಾರು -14 ಲಫ್ಸ್‌ಗೆ ಹೊಂದಿಸುತ್ತದೆ. ಗದ್ದಲದಿಂದ ಗೆದ್ದದ್ದು ಅಲ್ಲಿ ಉಳಿಯುವುದಿಲ್ಲ.

ಆ ‘ಬಿಫೋರ್’ ಕೂಡ ಸುಳ್ಳು ಎದುರಾಳಿ. ಬ್ಯಾಂಡಿನವರ ಬಳಿ ಸಾಮಾನ್ಯವಾಗಿ ತಾವೇ ಮಾಡಿಕೊಂಡ ರಫ್ ಮಿಕ್ಸ್ ಇರುತ್ತದೆ, ಅದು ಅವರ ಕಿವಿಗೆ ಒಗ್ಗಿಹೋಗಿರುತ್ತದೆ. ಎಂಜಿನಿಯರ್ ಗೆಲ್ಲಬೇಕಾದದ್ದು ಅದರ ಎದುರು. ಹಮ್ ತೆಗೆದದ್ದು, ಗಲಾಟೆಯ ರೆಕಾರ್ಡಿಂಗ್ ತಿಳಿಗೊಳಿಸಿದ್ದು ತೋರಿಸಲು ಈ ತುಣುಕು ಸಾಕು, ಒಪ್ಪುತ್ತೇನೆ. ಅದರಾಚೆಗೆ ಅದು ಸಾಕ್ಷಿಯಲ್ಲ.

ಈ ತುಣುಕನ್ನು ಹೊಗಳುವವರೇ ಅಭ್ಯಾಸದ ಮಲ್ಟಿಟ್ರ್ಯಾಕ್‌ಗಳ ಮಿಕ್ಸ್ ಕಂಡರೆ ‘ನಿಜವಾದ ಕೆಲಸವಲ್ಲ’ ಎಂದು ಮೂಗು ಮುರಿಯುತ್ತಾರೆ. ಅವರೊಡನೆ ನನಗೆ ಗಟ್ಟಿ ತಕರಾರಿದೆ. ಮಿಕ್ಸಿಂಗ್ ಎಂಜಿನಿಯರ್ ಮೈಕ್ ಸೀನಿಯರ್ ಕಲಿಯುವವರಿಗಾಗಿ ಉಚಿತವಾಗಿ ತೆರೆದಿಟ್ಟ ಸಂಗ್ರಹದಲ್ಲಿ ಒಂದೇ ಹಾಡಿನ ಟ್ರ್ಯಾಕ್‌ಗಳು ಅನೇಕರ ಕೈಗೆ ಸಿಗುತ್ತವೆ. ಗಾಯನ ಅದೇ, ಡ್ರಮ್ಸ್ ಅದೇ. ಬೇರೆಯಾಗಿರುವುದು ಮಿಕ್ಸ್ ಮಾಡಿದವರ ತೀರ್ಮಾನ ಮಾತ್ರ. ಇದಕ್ಕಿಂತ ನ್ಯಾಯವಾದ ಹೋಲಿಕೆ ಎಲ್ಲಿದೆ? ದುಡ್ಡು ಕೊಟ್ಟು ಮಾಡಿಸಿದ ಮಾತ್ರಕ್ಕೆ ಕಳಪೆ ಮಿಕ್ಸ್ ಒಳ್ಳೆಯದಾಗುತ್ತದೆಯೇ? ಅಭ್ಯಾಸದ್ದು ಎಂದು ಸ್ಪಷ್ಟವಾಗಿ ಬರೆಯಬೇಕು, ಬಳಕೆಯ ಷರತ್ತು ಮೀರಬಾರದು. ಅಷ್ಟಾದರೆ ಅದು ಪ್ರಾಮಾಣಿಕ ಕೆಲಸವೇ.

ಹೊಸಬರು ತುಣುಕುಗಳ ರಾಶಿ ಬಿಟ್ಟು ಎರಡು ಮೂರು ಪೂರ್ತಿ ಹಾಡು ಕೇಳಿಸಲಿ. ಪಲ್ಲವಿಯಲ್ಲಿ ತುಂಬಿ ನಿಂತ ವಾದ್ಯಗಳು ಚರಣದಲ್ಲಿ ಸಾಹಿತ್ಯಕ್ಕೆ ಜಾಗ ಬಿಡಬೇಕು, ಪಲ್ಲವಿ ಮರಳಿದಾಗ ಮತ್ತೆ ಏರಬೇಕು. ಆ ಏರಿಳಿತವನ್ನು ನಿಭಾಯಿಸುವುದೇ ಮಿಕ್ಸಿಂಗ್. ಹತ್ತು ಸೆಕೆಂಡಿನ ತುಣುಕಿನಲ್ಲಿ ಹಾಡು ಚರಣವನ್ನೇ ತಲುಪುವುದಿಲ್ಲ.