ಕೋಟೆ ಬಿಡಿ, ಕಡತ ತೆಗೆಯಿರಿ

ಕುಂದಾಣಿಯ ಜಗಳವನ್ನು ಈ ವಾರ ಮುಗಿಸುವುದಾಗಿ ಮಾತು ಕೊಟ್ಟಿದ್ದೆ. ಹೊಯ್ಸಳ ರಾಮನಾಥನ ಕುಂದಾಣಿ ದೇವನಹಳ್ಳಿ ಪಕ್ಕದ್ದೋ ನಮ್ಮ ಹೊಸೂರು ಸೀಮೆಯದೋ ಎಂಬ ಪ್ರಶ್ನೆ ಇನ್ನೊಂದು ವಾರ ಕಾದರೆ ಮುಳುಗುವುದೇನೂ ಇಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹೊಸೂರಿನ ಕೆನಿಲ್‌ವರ್ತ್ ಕೋಟೆಯ ಪ್ರೇಮಕಥೆಯನ್ನು ಮತ್ತೆ ನನ್ನ ಮೊಬೈಲಿಗೆ ಕಳಿಸಿದ್ದಾರೆ.

ಕಥೆ ನಿಮಗೆ ಗೊತ್ತು. ಸೇಲಂ ಕಲೆಕ್ಟರ್ ಬ್ರೆಟ್ ಸಾಹೇಬನಿಗೆ ಇಂಗ್ಲೆಂಡಿನಲ್ಲೊಬ್ಬಳು ನಿಶ್ಚಯವಾಗಿದ್ದಳಂತೆ. ಅಲ್ಲಿನ ಕೆನಿಲ್‌ವರ್ತಿನಂಥ ಕೋಟೆ ಇದ್ದರಷ್ಟೇ ಬರುವೆನೆಂದಳಂತೆ, ಇವನು ಕಟ್ಟಿಸಿಯೇಬಿಟ್ಟನಂತೆ. ಬರೀ ಅಂತೆಕಂತೆ. ಅತ್ತ ಥಳಿಗೆ ಹೋದರೆ ಅದು ‘ಲಿಟಲ್ ಇಂಗ್ಲೆಂಡ್’. ನಮ್ಮ ವಿಡಿಯೋ ಚರಿತ್ರಕಾರರ ಪಾಲಿಗೆ ಈ ಸೀಮೆ ಹುಟ್ಟಿದ್ದೇ ಬಿಳಿಯರು ಬಂದ ಮೇಲೆ! ಬಾರಾಮಹಲು ಕಂಪನಿಗೆ ಹೋದದ್ದು 1792ರಲ್ಲಿ, ಹೊಸೂರಿನ ಕಡೆ 1799ರಲ್ಲಿ. ಅದಕ್ಕೆ ಎಷ್ಟೋ ಶತಮಾನ ಹಿಂದೆ ದನ ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ಇಲ್ಲಿ ಹೊಲದ ಬದುಗಳಲ್ಲಿ ನಿಂತಿದ್ದವು.

ಇಂಗ್ಲೆಂಡನ್ನು ನೋಡಿ ಕಲಿಯುವುದಿದ್ದರೆ ಕೋಟೆಯನ್ನಲ್ಲ, ಅಲ್ಲಿನ ಹಳ್ಳಿ ಚರ್ಚಿನ ಪೆಟ್ಟಿಗೆಯನ್ನು ನೋಡಿ. ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಟ್ಟು ಪುಸ್ತಕವನ್ನು ಬೀಗದ ಪೆಟ್ಟಿಗೆಯಲ್ಲಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಅಪ್ಪಣೆ ಮಾಡಿದ. ನಾಲ್ಕು ಬೀದಿಯ ಊರಿಗೂ ಅಲ್ಲಿ ದಪ್ಪನೆಯ ಚರಿತ್ರೆಯಿದ್ದರೆ ಅದಕ್ಕೆ ಆ ಪೆಟ್ಟಿಗೆಯೇ ಕಾರಣ.

ನಮ್ಮಲ್ಲಿ ಆ ಪೆಟ್ಟಿಗೆ ಇದ್ದದ್ದು ಶ್ಯಾನುಭೋಗರ ಅಟ್ಟದ ಮೇಲೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಕಡತ. ಕಪ್ಪು ಹಾಳೆಯ ಮೇಲೆ ಬಳಪದ ಬಿಳಿ ಬರಹ. ಕೆಳಮಂಗಲದ ಕಡೆ ಒಂದು ಮನೆಯಲ್ಲಿ ಅಂಥದ್ದೊಂದನ್ನು ಬಿಡಿಸಿದೆ. ತೂಬಿನ ರಿಪೇರಿಗೆ ಯಾರಿಗೆಷ್ಟು ರಾಗಿ ಅಳೆದರು, ಯಾರ ಪಾಲು ಬಾಕಿ, ಎಲ್ಲವೂ ಮೋಡಿ ತಿರುವಿದ ಕನ್ನಡ ಅಕ್ಷರದಲ್ಲಿ. ಮನೆಮಾತು ತೆಲುಗು, ಈಗಿನ ಪಟ್ಟಾ ತಮಿಳು, ಅಜ್ಜನ ಲೆಕ್ಕ ಕನ್ನಡ. ನಾನು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ಲೆಫಾನುವಿನ 1883ರ ಸೇಲಂ ಮ್ಯಾನ್ಯುಯಲ್ ಎರಡನೇ ಸಂಪುಟದಲ್ಲಿ ಒಂದೊಂದೇ ತಾಲೂಕು ಸುತ್ತಿಸುತ್ತದೆ; ಬೆಲೆಕಟ್ಟಲಾಗದ ಪುಸ್ತಕ. ಆದರೂ ಈ ತೂಬಿನ ತನಕ ಅದು ಇಳಿಯುವುದಿಲ್ಲ.

1980ರಲ್ಲಿ ತಮಿಳುನಾಡು ಸರ್ಕಾರ ಕರ್ಣಂ, ಅಂದರೆ ಶ್ಯಾನುಭೋಗರ, ಹುದ್ದೆಯನ್ನೇ ತೆಗೆದುಹಾಕಿತು. ವಂಶಪಾರಂಪರ್ಯದ ದರ್ಬಾರು ಮುಗಿದದ್ದು ಒಳ್ಳೆಯದೇ ಆಯಿತು. ಸರ್ಕಾರ ಕೇಳಿದ ಪುಸ್ತಕಗಳನ್ನು ಒಪ್ಪಿಸಿದರು, ಕೇಳದವು ಅಟ್ಟದಲ್ಲೇ ಉಳಿದವು. ಈಗ ಹಳೆಮನೆ ಕೆಡವಿ ತಾರಸಿ ಹಾಕುವಾಗ ಅವು ನೀರೊಲೆಗೆ ಬೀಳುತ್ತಿವೆ.

ನಿಮ್ಮಲ್ಲಿ ಕಡತ ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ಹಾಳೆ ಅದು, ಒಂದೇ ಒರೆಸಿಗೆ ಊರೆಲ್ಲ ಹೋಗುತ್ತದೆ. ಮಡಿಕೆಗಳನ್ನು ಎಳೆಯದೆ ಒಂದೊಂದಾಗಿ ಬಿಡಿಸಿ, ಕಿಟಕಿಯ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮೋಡಿ ಓದಲು ಬಾರದಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಕುಂದಾಣಿಯನ್ನು ಇನ್ನೂ ಒಂದು ವಾರ ಮುಂದೂಡಲು ನನಗೂ ನೆಪ ಬೇಕು.